ನುಜಹತ ಒರೆಸಿದ ತಾಮ್ರ

“ಇದನ್ನ ಯಾರು ಒರೆಸಿದ್ರಿ?” ಸುಧಾರಾಣಿ ಮೇಡಂ ಕೇಳಿದರು.

“ನಾನ್ರಿ!” ಎಂದು ನುಜಹತ ಎದೆಯುಬ್ಬಿಸಿ ನಿಂತಳು. ಶಾಬಾಸ್ ಅನ್ನುತ್ತಾರೆ ಎಂದು ಕಾದಳು. ಎಲ್ಲಿಯ ಶಾಬಾಸ್! ಶೀಲಾ ಟೀಚರ್ ಹಣೆ ಹಣೆ ಬಡಿದುಕೊಂಡರು.

ಸವಣೂರಿನ ಆ ಶಾಲೆಯ ಕಂಪ್ಯೂಟರ್ ರೂಮಿನಲ್ಲಿ ಒಂದು ಕಬ್ಬಿಣದ ರ‍್ಯಾಕ್ ಇತ್ತು. ಅದರಲ್ಲಿದ್ದ ಸರ್ವರ್‌ನ ಪ್ರೊಸೆಸರ್ ನಿನ್ನೆ ಕೆಟ್ಟಿತ್ತು. ಮಕ್ಕಳು ಮಾಡಿದ ವಿಡಿಯೋಗಳೆಲ್ಲ ಅದರೊಳಗೇ ಸಿಕ್ಕಿಕೊಂಡಿದ್ದವು. ನುಜಹತಳದೂ ಇತ್ತು. ಅವಳ ಅಬ್ಬಾ ನಬೀಸಾಬ ತಾಮ್ರದ ಹಂಡೆಗೆ ತವರದ ಕಲಾಯಿ ಹಾಕುವ ವಿಡಿಯೋ. ಸ್ಪರ್ಧೆಗೆ ಅದು ಇವತ್ತು ಐದು ಗಂಟೆಯೊಳಗೆ ಹೋಗಲೇಬೇಕು. ಆಗಲೇ ಮೂರೂವರೆ ಆಗಿತ್ತು.

ರಿಪೇರಿಗೆಂದು ಹುಬ್ಬಳ್ಳಿಯಿಂದ ಬಂದಿದ್ದ ಸುಧಾರಾಣಿ ಮೇಡಂ, ಸರ್ವರ್ ಅನ್ನು ಡ್ರಾಯರ್ ಎಳೆದಂತೆ ಎಳೆದು ಮುಚ್ಚಳ ತೆಗೆದಿದ್ದರು. ಬಿಸ್ಕಿಟ್‌ನಷ್ಟೇ ದೊಡ್ಡದಾದ ಹೊಸ ಪ್ರೊಸೆಸರನ್ನು ಕೂರಿಸಿದ್ದರು. ಅದರ ಬಿಸಿ ಎಳೆದುಕೊಳ್ಳುವ ಹೀಟ್ ಸಿಂಕ್ ಎಂಬ ಲೋಹದ ಗಟ್ಟಿಯನ್ನು ಮೇಜಿನ ಮೇಲೆ ಮಗುಚಿಟ್ಟು, ಫೋನ್ ಬಂತೆಂದು ಹೊರಗೆ ಹೋಗಿದ್ದರು. ಅದರ ತಳ ತಾಮ್ರದ್ದು. ತಾಮ್ರದ ಮೇಲೆ ಬೂದು ಬಣ್ಣದ್ದು ಎಂಥದೋ ಮೆತ್ತಿಕೊಂಡಿತ್ತು.

ಕಲಾಯಿಯವರ ಮನೆ ಹುಡುಗಿ ಕೊಳೆ ತಾಮ್ರ ನೋಡಿ ಸುಮ್ಮನಿರುತ್ತಾಳೆಯೇ? ‘ತಾಮ್ರದಾಗ ಮಾರಿ ಕಾಣಬೇಕು’ ಎಂಬುದು ಅಬ್ಬಾ ದಿನಾ ಹೇಳುವ ಮಾತು. ದುಪಟ್ಟಾದ ತುದಿಯಿಂದ ತಿಕ್ಕಿದಳು. ತನ್ನ ಮುಖ ಕಾಣುವವರೆಗೂ ತಿಕ್ಕಿದಳು.

“ಹೊಲಸ ಇತ್ತಲ್ರಿ ಮೇಡಂ...”

“ಹೊಲಸ ಅಲ್ಲವ್ವಾ, ಅದು ಪೇಸ್ಟ್! ಅದಿಲ್ಲಂದ್ರ ಪ್ರೊಸೆಸರಿನ ಬಿಸಿ ತಾಮ್ರಕ್ಕ ಹೋಗೂದಿಲ್ಲ. ಕಾದು ಬಂದ್ ಬೀಳ್ತೈತಿ.”

“ಎರಡೂ ಒಂದಕ್ಕೊಂದು ಹತ್ತಿಕೊಂಡ ಇರ್ತಾವಲ್ರಿ?”

“ಹತ್ತಿಕೊಂಡಂಗ ಕಾಣ್ತಾವ, ಅಷ್ಟ. ನಡುವ ಕಣ್ಣಿಗೆ ಕಾಣದ ಸಂದಿ ಇರ್ತಾವ. ಅವನ್ನ ಪೇಸ್ಟ್ ತುಂಬತೈತಿ.”

ನುಜಹತಳಿಗೆ ತಲೆಬುಡ ತಿಳಿಯಲಿಲ್ಲ. ಮನೆಯಲ್ಲಿ ಒರೆಸದಿದ್ದರೆ ಬೈಗುಳ. ಇಲ್ಲಿ ಒರೆಸಿದ್ದಕ್ಕೆ! ಅಬ್ಬಾನ ವಿಡಿಯೋ ತನ್ನ ಕೈಯಿಂದಲೇ ಹಾಳಾಯಿತಲ್ಲ ಎಂದು ಅಳು ಒತ್ತರಿಸಿ ಬಂತು.

“ಬ್ಯಾರೆ ಪೇಸ್ಟ್ ಇಲ್ಲೇನ್ರಿ?” ಶೀಲಾ ಟೀಚರ್ ಕೇಳಿದರು.

“ಕಂಪನಿಯವರು ಇದಕ್ಕ ಹಚ್ಚೇ ಕಳಿಸಿದ್ದರ್ರಿ, ಅದಕ್ಕ ನಾ ಬ್ಯಾರೆ ತಂದಿಲ್ಲ. ಹುಬ್ಬಳ್ಳಿಯಿಂದ ತರಸೂದ್ರಾಗ ಐದು ದಾಟಿ ಹೋಗ್ತೈತಿ.”

ನುಜಹತ ಥಟ್ಟನೆ ಕಣ್ಣೊರೆಸಿಕೊಂಡಳು. “ನಿಯಾಜ ಚಾಚಾನ ಅಂಗಡ್ಯಾಗ ಕಂಪ್ಯೂಟರ್ ರಿಪೇರಿ ಮಾಡ್ತಾರ್ರಿ! ಅಲ್ಲಿ ಇರಬಹುದ್ರಿ. ಹೋಗ್ಲೇನ್ರಿ ಟೀಚರ್?”

ಟೀಚರ್ ಹ್ಞೂಂ ಅನ್ನುವಷ್ಟರಲ್ಲಿ ಅವಳು ಗೇಟು ದಾಟಿದ್ದಳು.

ಏದುಸಿರು ಬಿಡುತ್ತ ಬಂದು ಸಣ್ಣದೊಂದು ಟ್ಯೂಬು ಕೊಟ್ಟಳು. ಸುಧಾರಾಣಿ ಮೇಡಂ ತಾಮ್ರವನ್ನು ಇನ್ನೊಮ್ಮೆ ಚೊಕ್ಕ ಮಾಡಿದರು. ಪ್ರೊಸೆಸರಿನ ಮೇಲೆ ಚೂರು ಪೇಸ್ಟ್ ಹಾಕಿದರು. ಹೀಟ್ ಸಿಂಕ್ ಕೂರಿಸಿ, ಸ್ಕ್ರೂ ಬಿಗಿದು, ಸರ್ವರ್ ಅನ್ನು ರ‍್ಯಾಕಿನೊಳಗೆ ತಳ್ಳಿ ಸ್ವಿಚ್ ಒತ್ತಿದರು. ಫ್ಯಾನುಗಳು ಭರ್ರೆಂದವು. ಒಂದು ನಿಮಿಷ, ಐದು ನಿಮಿಷ, ಹತ್ತು ನಿಮಿಷ. ಬಂದ್ ಬೀಳಲಿಲ್ಲ!

“ಐದಕ್ಕ ಇನ್ನೂ ಹೊತ್ತೈತಿ, ಕಳಿಸೂದಕ್ಕಿಂತ ಮೊದಲ ಒಮ್ಮೆ ನೋಡೂಣು” ಎಂದು ಟೀಚರ್ ವಿಡಿಯೋ ಹಚ್ಚಿದರು.

ಅಬ್ಬಾ ಹಂಡೆ ತಿಕ್ಕಿ ತಿಕ್ಕಿ ಫಳಫಳ ಮಾಡಿದ್ದ. ಕೆಂಡದ ಮೇಲಿಟ್ಟು ಬಿಳಿ ಪುಡಿ ಎರಚಿದ. ದಟ್ಟ ಹೊಗೆ ಎದ್ದಿತು. ಆಗ ನುಜಹತಳದೇ ದನಿ ಕೇಳಿಸಿತು. “ಅಬ್ಬಾ, ಇಷ್ಟು ಚೊಕ್ಕ ಮಾಡಿ ಮತ್ತ ಯಾಕ ಹೊಲಸ ಮಾಡ್ತೀರಿ?”

“ಇದು ನವಸಾಗರ, ಬೇಟಾ. ಇದಿಲ್ಲಂದ್ರ ತಾಮ್ರಕ್ಕ ತವರ ಹತ್ತೂದಿಲ್ಲ.”

ತಾನೇ ಕೇಳಿದ ಪ್ರಶ್ನೆ, ತಾನೇ ಮಾಡಿದ ವಿಡಿಯೋ. ನುಜಹತ ಬಾಯಿ ತೆರೆದುಕೊಂಡು ನೋಡಿದಳು.

“ಟೀಚರ್, ಆ ಪುಡಿ ಹಾಕೂದು ಇನ್ನೊಮ್ಮೆ ತೋರಸ್ರಿ.”

ಟೀಚರ್ ತೋರಿಸಿದರು. ನೋಡುತ್ತ ನುಜಹತ ದುಪಟ್ಟಾದ ತುದಿಗೆ ಹತ್ತಿದ್ದ ಪೇಸ್ಟಿನ ಬೂದು ಕಲೆಯನ್ನು ಉಜ್ಜಲು ಹೋದಳು. ಕೈ ಅಲ್ಲೇ ನಿಂತಿತು.