ಕಪಾಟಿನಲ್ಲಿದ್ದ ಎರಡನೇ ಪ್ರತಿ

ಬುಧವಾರ ಸಂಜೆ ಆರೂಕಾಲಿಗೆ ಎದುರು ಬೀದಿಯ ಮನೆಯಿಂದ ಓಡಿಬಂದ ಹೆಂಗಸೊಬ್ಬಳು ಠಾಣೆಯ ಮೆಟ್ಟಿಲು ಹತ್ತಿದಾಗ ಮೊಬೈಲು ಇನ್ನೂ ಕಿವಿಯಲ್ಲೇ ಇತ್ತು. ಒಂದು ಕಾಲಿಗೆ ಚಪ್ಪಲಿ ಇರಲಿಲ್ಲ. ಬಾಗಿಲಲ್ಲಿದ್ದ ಪೇದೆ ಏನು ಎತ್ತ ಎಂದು ಕೇಳುವುದರೊಳಗೆ ಆಕೆ ನೇರವಾಗಿ ಇನ್ಸ್‌ಪೆಕ್ಟರ್ ಕೋಣೆಗೆ ನುಗ್ಗಿ ಮೊಬೈಲನ್ನು ಮೇಜಿನ ಮೇಲಿಂದ ಚಾಚಿದಳು.

“ಮೇಡಂ, ನಮ್ಮೆಜಮಾನ್ರನ್ನ ಯಾರೋ ಹೊಡೀತಿದಾರೆ. ನೀವೇ ಕೇಳಿ.”

ಇನ್ಸ್‌ಪೆಕ್ಟರ್ ಮೊಬೈಲನ್ನು ಕಿವಿಗಿಟ್ಟರು. ಇಷ್ಟು ವರ್ಷದ ನೌಕರಿಯಲ್ಲಿ ಲೆಕ್ಕವಿಲ್ಲದಷ್ಟು ಹೆಣ ಕಂಡಿದ್ದ ಹೆಂಗಸು ಅವರು. ಆದರೆ ಕೊಲೆಯೊಂದನ್ನು ಅದು ನಡೆಯುತ್ತಿರುವಾಗಲೇ ಕೇಳಿದ್ದು ಇದೇ ಮೊದಲು. ಕಬ್ಬಿಣ ಎಲ್ಲೋ ಬಡಿಯುತ್ತಿತ್ತು, ನಡುನಡುವೆ ಯಾರದೋ ಏದುಸಿರು. ಏನೋ ಒಡೆದು ಚೂರಾಯಿತು. ಆಮೇಲೆ ಷಟರ್ ಎಳೆದ ಸದ್ದು, ಅಷ್ಟೇ.

“ಎಲ್ಲಿ?”

“ಬಸ್ ನಿಲ್ದಾಣದ ಹಿಂದೆ. ಲ್ಯಾಪ್‌ಟಾಪ್ ರಿಪೇರಿ ಅಂಗಡಿ.”

ಜೀಪು ಹೊರಟಿತು. ಹಿಂದೆ ಕೂತಿದ್ದ ಹೆಡ್ ಕಾನ್‌ಸ್ಟೇಬಲ್‌ಗೆ ಠಾಣೆಯಲ್ಲಿ ‘ಪಂಚನಾಮೆ’ ಎಂದೇ ಅಡ್ಡಹೆಸರು. ಚಹಾದಲ್ಲಿ ನೊಣ ಬಿದ್ದರೂ ಇಬ್ಬರು ಸಾಕ್ಷಿಗಳನ್ನು ಕರೆಯುವ ಆಸಾಮಿ.

ಷಟರ್ ಎತ್ತಿದರೆ ರಿಪೇರಿಯವನು ಮೇಜಿಗೂ ಗೋಡೆಗೂ ನಡುವೆ ಮುದುಡಿ ಬಿದ್ದಿದ್ದ. ಬಾಯಿ ಜಜ್ಜಿಹೋಗಿತ್ತು. ಹಣೆಯ ಎಡಭಾಗ ಒಳಕ್ಕೆ ಕುಸಿದಿತ್ತು. ಗೋಡೆಗೆ ಸಿಡಿದ ರಕ್ತ ಇನ್ನೂ ಇಳಿಯುತ್ತಿತ್ತು. ಪಕ್ಕದಲ್ಲೇ ಷಟರ್ ಎಳೆಯುವ ಕಬ್ಬಿಣದ ಕೊಕ್ಕೆ, ಅದರ ತುದಿಗೆ ಕೂದಲು. ಜೀವವೇನೋ ಇತ್ತು. ಆಂಬುಲೆನ್ಸು ಆಸ್ಪತ್ರೆಯ ಗೇಟು ಮುಟ್ಟುವ ಹೊತ್ತಿಗೆ ಅದೂ ಹೋಯಿತು.

ರಾತ್ರಿಯೊಳಗೆ ಹೆಂಡತಿಯ ದೂರಿನ ಮೇಲೆ ಕೊಲೆ ಎಂದು ಎಫ್‌ಐಆರ್ ದಾಖಲಾಯಿತು. ಇನ್ಸ್‌ಪೆಕ್ಟರ್ ಆಕೆಯನ್ನು ಎದುರಿಗೆ ಕೂರಿಸಿಕೊಂಡು ನೀರು ಕೊಟ್ಟರು.

“ಫೋನಲ್ಲಿ ಏನಂದ್ರು?”

“‘ಕಪಾಟು ತೆಗಿ’ ಅಂದ್ರು. ಅಷ್ಟೇ ಮೇಡಂ. ಆಮೇಲೆ ದಬ್ ಅಂತ ಬಿತ್ತು.”

“ಕಪಾಟಲ್ಲಿ ಏನಿದೆ?”

“ನನ್ನ ಸೀರೆ, ಎರಡು ಬಳೆ, ಒಂದು ಸರ. ಕಳ್ಳ ಹೆದರಿಸಿದ್ದಕ್ಕೆ ಒಡವೆ ತರೋಕೆ ಹೇಳಿದ್ರೇನೋ.”

ದರೋಡೆಯೇ ಇರಬೇಕು ಎಂದು ಇನ್ಸ್‌ಪೆಕ್ಟರಿಗೂ ಅನಿಸಿತು. ಆದರೆ ಮರುದಿನ ಬೆಳಿಗ್ಗೆ ಪಂಚರ ಸಮಕ್ಷಮ ಅಂಗಡಿ ನೋಡಿದಾಗ ಆ ಲೆಕ್ಕ ತಲೆಕೆಳಗಾಯಿತು. ಗಲ್ಲಾಪೆಟ್ಟಿಗೆಯನ್ನು ಯಾರೂ ಮುಟ್ಟಿರಲಿಲ್ಲ. ಗೋಡೆಯ ಹಲಗೆಗಳ ತುಂಬ ರಿಪೇರಿಗೆ ಬಂದ ಲ್ಯಾಪ್‌ಟಾಪುಗಳು ಇದ್ದಲ್ಲೇ ಇದ್ದವು. ನೆಲದ ಮೇಲೆ ಮಾತ್ರ ಒಂದು ಕರಿ ಡಬ್ಬಿ ಚಪ್ಪಟೆಯಾಗಿ ಬಿದ್ದಿತ್ತು. ಲ್ಯಾಪ್‌ಟಾಪಿನಿಂದ ಬಿಚ್ಚಿದ ಹಳೆಯ ಹಾರ್ಡ್‌ಡಿಸ್ಕನ್ನು ಒಳಗಿಟ್ಟು, ಹೊರಗಿನಿಂದ ವೈರು ಚುಚ್ಚಿ ಬಳಸುತ್ತಾರಲ್ಲ, ಅಂಥ ಡಬ್ಬಿ. ಒಳಗಿನ ಡಿಸ್ಕು ಚೂರುಚೂರಾಗಿ ಹೊಳೆಯುತ್ತಿತ್ತು. ಡಬ್ಬಿಗೆ ಅಂಟಿಸಿದ್ದ ಬಿಳಿ ಟೇಪಿನ ಮೇಲೆ ಪೆನ್ನಿನಲ್ಲಿ ಒಂದೇ ಪದ: ನಗು.

“ಇದೇನಮ್ಮ?” ಎಂದು ಕೇಳಿದರೆ ಹೆಂಡತಿ ಟೇಪನ್ನೇ ನೋಡುತ್ತ ನಿಂತಳು.

“ಅವರು ಗಿರಾಕಿ ಹೆಸರು ಕೇಳೋರಲ್ಲ ಮೇಡಂ, ನಂಬರೂ ತಗೊಳ್ಳೋರಲ್ಲ. ‘ಶನಿವಾರ ಬನ್ನಿ’ ಅನ್ನೋರು, ಮುಗೀತು. ಗುರುತಿಗೆ ತಾವೇ ಒಂದು ಹೆಸರು ಇಡೋರು. ನೋಡಿ, ಅಲ್ಲಿ ‘ಕೆಮ್ಮು’ ಇದೆ, ‘ಅವಸರ’ ಇದೆ, ‘ಎರಡು ಕನ್ನಡಕ’ ಇದೆ. ‘ನಗು’ ಅನ್ನೋ ಲ್ಯಾಪ್‌ಟಾಪ್ ಮಾತ್ರ ಇಲ್ಲ.”

“ಹಾಗಾದ್ರೆ ನಗ್ತಾ ಇರೋ ಒಬ್ಬ ಗಿರಾಕೀನ ಹುಡುಕ್ಬೇಕು ಅನ್ನಿ,” ಎಂದ ಪಂಚನಾಮೆ. “ಈ ಊರಲ್ಲಿ ಸಿಕ್ಕಂಗೇ ಬಿಡಿ.”

ಶುಕ್ರವಾರ ಮರಣೋತ್ತರ ಪರೀಕ್ಷೆಯ ವರದಿ ಬಂತು. ಸತ್ತವನ ಗಂಟಲಲ್ಲಿ ಎರಡು ಸಣ್ಣ ಸ್ಕ್ರೂ ಸಿಕ್ಕಿದ್ದವು. ಅದನ್ನು ಹೇಳಿದ ಕೂಡಲೇ ಹೆಂಡತಿ ಸೆರಗು ಬಾಯಿಗೊತ್ತಿಕೊಂಡಳು. ಕೆಲಸ ಮಾಡುವಾಗ ಸ್ಕ್ರೂಗಳನ್ನು ತುಟಿಯಲ್ಲೇ ಕಚ್ಚಿಕೊಳ್ಳುವುದು ಅವನ ರೂಢಿಯಂತೆ. ಎಷ್ಟು ಬೈದರೂ ಬಿಟ್ಟಿರಲಿಲ್ಲವಂತೆ. ಯಾರು ಏನು ಕೇಳಿದರೂ ತಲೆಯೆತ್ತದೆ, ಬಾಯಿ ಬಿಡದೆ, ಒಂದೇ ಪದದಲ್ಲಿ ಉತ್ತರ ಕೊಡುತ್ತಿದ್ದನಂತೆ.

ಅದೇ ದಿನ ಪ್ರಯೋಗಾಲಯದಿಂದ ಇನ್ನೊಂದು ಮಾತು ಬಂತು. ಆ ಹೊಳೆಯುವ ಚೂರುಗಳು ತಗಡಲ್ಲ, ಗಾಜು. ಲ್ಯಾಪ್‌ಟಾಪಿನ ಎಷ್ಟೋ ಡಿಸ್ಕುಗಳ ಒಳಗೆ ತಿರುಗುವ ತಟ್ಟೆ ಗಾಜಿನದೇ ಇರುತ್ತದೆ. ಅವುಗಳ ಮೇಲೆ ಎರಡು ಗುಂಪಿನ ರಕ್ತವಿತ್ತು. ಒಂದು ಸತ್ತವನದು.

“ಇನ್ನೊಂದು ಹೊಡೆದವನದು,” ಎಂದರು ಇನ್ಸ್‌ಪೆಕ್ಟರ್. “ಕೈ ಕುಯ್ದುಕೊಂಡಿದಾನೆ. ಹೊಲಿಗೆ ಹಾಕಿಸಿಕೊಂಡೇ ಇರ್ತಾನೆ. ಒಂದು ಕ್ಲಿನಿಕ್ಕೂ ಬಿಡಬೇಡಿ.”

ಪಂಚನಾಮೆ ಎರಡು ದಿನ ಕ್ಲಿನಿಕ್ಕಿನಿಂದ ಕ್ಲಿನಿಕ್ಕಿಗೆ ಅಲೆದ. ಮಾಲು ಇಳಿಸುವಾಗ ಕುಯ್ದುಕೊಂಡವರು, ತರಕಾರಿ ಹೆಚ್ಚುವಾಗ ಕುಯ್ದುಕೊಂಡವರು, ಗಂಡನ ಕೈಯಿಂದ ಕುಯ್ಸಿಕೊಂಡು ಬಾಯಿ ಬಿಡದವರು. ಊರಿನ ಅರ್ಧ ಜನ ಕೈ ಕುಯ್ದುಕೊಂಡೇ ಬದುಕುತ್ತಿದ್ದಾರೆ ಎಂದು ಅವನಿಗೆ ಆಗಲೇ ಗೊತ್ತಾಗಿದ್ದು. ಕೊನೆಗೆ ಕಾಲುವೆ ಪಕ್ಕದ ಕ್ಲಿನಿಕ್ಕಿನ ನರ್ಸು ಜ್ಞಾಪಿಸಿಕೊಂಡಳು.

“ಬುಧವಾರ ಸಂಜೆ ಬಂದಿದ್ರು. ಅಂಗೈ ತುಂಬ ಚೂರು. ಕನ್ನಡಿ ಒಡೀತು ಅಂದ್ರು. ಕನ್ನಡಿ ಚೂರಾದ್ರೆ ಒಂದೇ ಕಡೆ ಹೊಳೀಬೇಕಲ್ವಾ ಸಾರ್? ಇದು ಎರಡೂ ಕಡೆ ಹೊಳೀತಿತ್ತು.”

“ಆಳು ಹೇಗಿದ್ದ?”

“ಎತ್ತರ. ಮೈಯೆಲ್ಲ ಈಜುಕೊಳದ ಔಷಧಿ ವಾಸನೆ. ಹೊಲಿಗೆ ಹಾಕುವಾಗ ಹಾ ಅಂತಲೂ ಅನ್ನಲಿಲ್ಲ.”

ಭಾನುವಾರ ಬೆಳಿಗ್ಗೆ ಊರಿನ ಈಜುಕೊಳದಲ್ಲಿ ಮಕ್ಕಳ ಗದ್ದಲ. ಈಜು ಮೇಷ್ಟ್ರು ನೀರಿಗಿಳಿಯದೆ ಕಟ್ಟೆಯ ಮೇಲೆ ನಿಂತು ಕಾಲು ಬಡಿಯುವುದನ್ನು ಹೇಳಿಕೊಡುತ್ತಿದ್ದ. ಬಲಗೈಗೆ ಪ್ಲಾಸ್ಟಿಕ್ ಚೀಲ ಸುತ್ತಿ ಮಣಿಕಟ್ಟಿಗೆ ರಬ್ಬರ್‌ಬ್ಯಾಂಡು ಹಾಕಿಕೊಂಡಿದ್ದ. ಮುಖದಲ್ಲಿ ನಗುವಿನ ಸುಳಿವೇ ಇರಲಿಲ್ಲ. ಇವನಿಗೂ ಆ ಟೇಪಿಗೂ ಎತ್ತಣಿಂದೆತ್ತ ಎಂದು ಇನ್ಸ್‌ಪೆಕ್ಟರಿಗೆ ಒಂದು ಗಳಿಗೆ ಅಳುಕಾಯಿತು.

“ಕೈಗೇನಾಯ್ತು ಮೇಷ್ಟ್ರೇ?”

“ಕನ್ನಡಿ.”

“ಲ್ಯಾಪ್‌ಟಾಪ್ ಎಲ್ಲಿದೆ?”

ಮೇಷ್ಟ್ರು ನೀರಿನ ಕಡೆ ತಿರುಗಿದ. “ಎಲ್ಲರೂ ಮೇಲಕ್ಕೆ ಬನ್ನಿ. ಮೈ ಒರೆಸ್ಕೊಳ್ಳಿ. ಇವತ್ತಿಗೆ ಸಾಕು,” ಎಂದು ಕೂಗಿದ. ಕೊನೆಯ ಮಗು ಕಟ್ಟೆ ಹತ್ತುವವರೆಗೂ ಎಣಿಸುತ್ತ ನಿಂತಿದ್ದು, ಆಮೇಲೆ ಎರಡೂ ಕೈ ಮುಂದೆ ಚಾಚಿದ.

ಠಾಣೆಯಲ್ಲಿ ಏನನ್ನೂ ಮುಚ್ಚಿಡಲಿಲ್ಲ. ಲ್ಯಾಪ್‌ಟಾಪು ಅವನ ಮಗಳದು. ಒಂಬತ್ತು ವರ್ಷದ ಹುಡುಗಿ ಹೋದ ವರ್ಷ ಮಿದುಳು ಜ್ವರದಲ್ಲಿ ಹೋಗಿಬಿಟ್ಟಿದ್ದಳು. ಅವಳ ವಿಡಿಯೊಗಳೆಲ್ಲ ಅದರೊಳಗೇ ಇದ್ದವು. ದಿನಾ ಸಂಜೆ ಕೆಲಸ ಮುಗಿಸಿ ಹೋಗಿ ಅವನ್ನೇ ನೋಡುತ್ತ ಕೂರುತ್ತಿದ್ದ. ಈಚೆಗೆ ಡಿಸ್ಕು ಟಕಟಕ ಎನ್ನತೊಡಗಿತ್ತು. ಅವಳು ನಗುವ ಹೊತ್ತಿಗೇ ಚಿತ್ರ ನಿಂತುಬಿಡುತ್ತಿತ್ತು.

“ಹೊಸ ಡಿಸ್ಕ್ ಹಾಕ್ಸಿದ್ರೆ ನಿಲ್ಲಲ್ಲ ಅಂದ. ಹಳೇದನ್ನ ಡಬ್ಬಿಗೆ ಹಾಕಿಕೊಡ್ತೀನಿ, ಮುಖ್ಯ ಅಲ್ಲದ್ದು ಏನಾದ್ರೂ ಇಟ್ಕೋಬಹುದು ಅಂದ. ಶನಿವಾರ ಬನ್ನಿ ಅಂದ.”

“ನೀವು ಬುಧವಾರವೇ ಹೋದ್ರಿ.”

“ತಡ್ಕೊಳ್ಳೋಕಾಗ್ಲಿಲ್ಲ ಮೇಡಂ. ಮೇಜಿನ ಮೇಲೇ ಇತ್ತು, ತೆಗೆದು ನೋಡ್ದೆ. ಖಾಲಿ. ಡಬ್ಬಿ ಚುಚ್ಚಿ ನೋಡ್ದೆ. ಅದೂ ಖಾಲಿ. ‘ನನ್ನ ಮಗಳ ವಿಡಿಯೊ ಎಲ್ಲಿ’ ಅಂದೆ. ಬೇರೆ ಯಾವುದೋ ಲ್ಯಾಪ್‌ಟಾಪ್ ಬಿಚ್ಚಿಕೊಂಡು ಕೂತಿದ್ದ. ಬಾಯಲ್ಲಿ ಸ್ಕ್ರೂ. ತಲೆ ಎತ್ತಲಿಲ್ಲ. ‘ಅಳಿಸ್ದೆ’ ಅಂದ.”

“ಅಷ್ಟೇನಾ?”

“ಕೊರಳಪಟ್ಟಿ ಹಿಡ್ದೆ. ಆಗ ನನ್ನ ಮುಖ ನೋಡಿದ. ‘ತಾಳಿ ಸಾರ್’ ಅಂತ ಫೋನ್ ತೆಗೆದು ಹೆಂಡತಿಗೆ ‘ಕಪಾಟು ತೆಗಿ’ ಅಂದ. ದುಡ್ಡು ತರಿಸ್ತಿದಾನೆ ಅನ್ಕೊಂಡೆ. ನನ್ನ ಮಗಳಿಗೆ ಬೆಲೆ ಕಟ್ಟೋಕೆ ಹೊರಟಿದಾನೆ ಅನ್ಕೊಂಡೆ. ಕೊಕ್ಕೆ ಕೈಗೆ ಸಿಕ್ತು. ಬಾಯಿಗೇ ಹೊಡ್ದೆ. ಆಮೇಲೆ ನಿಲ್ಲಿಸೋಕಾಗ್ಲಿಲ್ಲ. ಅವನಾದ ಮೇಲೆ ಡಬ್ಬಿ ಕಂಡ್ತು, ಅದನ್ನೂ ಜಜ್ಜಿದೆ. ಚೂರು ಬಾಚೋಕೆ ಹೋಗಿ ಅಂಗೈ ಕುಯ್ತು, ಲ್ಯಾಪ್‌ಟಾಪ್ ಎತ್ಕೊಂಡು ಓಡ್ದೆ.”

ಬರೆದುಕೊಳ್ಳುತ್ತಿದ್ದ ಪಂಚನಾಮೆಯ ಪೆನ್ನು ನಿಂತಿತು. ಇನ್ಸ್‌ಪೆಕ್ಟರ್ ಎದ್ದು ಹೋಗಿ ಸತ್ತವನ ಹೆಂಡತಿಗೆ ಫೋನ್ ಮಾಡಿದರು.

“ಆ ಕಪಾಟನ್ನ ಇನ್ನೊಂದ್ಸಲ ನೋಡಮ್ಮ. ಒಡವೆ ಅಲ್ಲ. ಸೀರೆ ಅಡಿ ನೋಡು.”

ಅರ್ಧ ಗಂಟೆಯಲ್ಲಿ ಆಕೆಯೇ ಬಂದಳು. ಕೈಯಲ್ಲಿ ಸೀರೆ ಸುತ್ತಿದ ಕರಿ ಡಬ್ಬಿ. ಮೇಲೆ ಅದೇ ಬಿಳಿ ಟೇಪು, ಅದೇ ಅಕ್ಷರ: ನಗು.

“ಇನ್ನೊಂದು ಕಡೆ ಇಡದೆ ಯಾವುದನ್ನೂ ಅಳಿಸ್ತಿರಲಿಲ್ಲ ಮೇಡಂ. ಒಂದು ಪ್ರತಿ ಮನೆಗೇ ತರೋರು, ಅಂಗಡೀಲಿ ಕಳ್ಳತನ ಆದ್ರೆ ಅಂತ. ಎಲ್ಲಿಡ್ತಾರೆ ಅಂತ ನನಗೆ ಗೊತ್ತಿರಲಿಲ್ಲ. ಹೊಸ ಡಿಸ್ಕು ಎರಡು ದಿನ ಓಡ್ಲಿ, ಆಮೇಲೆ ತುಂಬ್ತೀನಿ ಅನ್ನೋರು. ಅವತ್ತು ಇದನ್ನ ತಗೊಂಡ್ ಬಾ ಅನ್ನೋಕೇ ಫೋನ್ ಮಾಡಿದ್ದು. ನಾನು ರಾತ್ರಿ ಕಪಾಟು ತೆಗೆದು, ಬಳೆ ನೋಡಿ ಮುಚ್ಚಿಬಿಟ್ಟೆ.”

ಇದು ಅದೇ ಹೌದೋ ಅಲ್ಲವೋ ಎಂದು ಖಾತ್ರಿ ಮಾಡಿಕೊಳ್ಳಬೇಕಿತ್ತು. ಪಂಚರ ಎದುರು ಠಾಣೆಯ ಕಂಪ್ಯೂಟರಿಗೆ ಡಬ್ಬಿಯ ವೈರು ಚುಚ್ಚಿ ಮೊದಲ ವಿಡಿಯೊ ತೆರೆದರು. ಹಲ್ಲು ಬಿದ್ದ ಹುಡುಗಿಯೊಬ್ಬಳು ಬಕೆಟ್ಟಿನಿಂದ ನೀರು ಎರಚುತ್ತ, “ಅಪ್ಪಾ, ಈಜು ಈಗ! ಈಜು ಈಗ!” ಎಂದು ಬಿದ್ದು ಬಿದ್ದು ನಕ್ಕಳು. ಚಿತ್ರ ಎಲ್ಲೂ ನಿಲ್ಲಲಿಲ್ಲ. ನಗು ಠಾಣೆಯ ರೈಟರ್ ಕೋಣೆ ದಾಟಿ ಲಾಕಪ್ಪಿನವರೆಗೂ ಹೋಯಿತು.

ಒಳಗಿಂದ ಕಂಬಿಗೆ ತಲೆ ಚಚ್ಚಿಕೊಳ್ಳುವ ಸದ್ದು ಕೇಳಿತು. ಇಬ್ಬರು ಪೇದೆಗಳು ಓಡಿಹೋಗಿ ಹಿಡಿಯುವಷ್ಟರಲ್ಲಿ ಮೇಷ್ಟ್ರ ಹಣೆ ಒಡೆದು ರಕ್ತ ಸುರಿಯುತ್ತಿತ್ತು, ಅಂಗೈಯ ಹೊಲಿಗೆಯೂ ಬಿಚ್ಚಿಹೋಗಿತ್ತು. “ಹೇಳ್ಬಾರ್ದಿತ್ತಾ? ಒಂದು ಮಾತು ಹೇಳ್ಬಾರ್ದಿತ್ತಾ?” ಎಂದು ಅರಚುತ್ತಿದ್ದ. ಹೇಳುವುದಕ್ಕೆಂದೇ ಬಾಯಿ ತೆರೆದವನ ಬಾಯಿಗೇ ತಾನು ಹೊಡೆದೆನೆಂಬುದು ಆ ಹೊತ್ತಿಗೆ ಅವನಿಗೂ ತಿಳಿದಿತ್ತು.

ಹೆಂಗಸು ಬೆಂಚಿನ ಮೇಲೆ ಕೂತು ಎಲ್ಲ ಕೇಳಿಸಿಕೊಂಡಳು. ಅವನನ್ನು ನೋಡಲು ಎದ್ದು ಹೋಗಲಿಲ್ಲ.

“ಇದನ್ನ ಏನ್ ಮಾಡ್ತೀರ?” ಎಂದಳು.

“ಜಪ್ತಿ ಮಾಡ್ತೀವಿ. ಕೇಸ್ ಮುಗಿಯೋವರೆಗೂ ಕೋರ್ಟಲ್ಲಿ ಇರುತ್ತೆ.”

“ಎಷ್ಟು ವರ್ಷ?”

ಇನ್ಸ್‌ಪೆಕ್ಟರ್ ಜಪ್ತಿ ಪಟ್ಟಿಯ ಹಾಳೆಯನ್ನು ಪಂಚನಾಮೆಯ ಕಡೆ ಸರಿಸಿದರು.

“ಡಿಸ್ಕು ಕೆಡುತ್ತೆ ಮೇಡಂ. ಅವನಿಗೋಸ್ಕರ ಹೇಳ್ತಿಲ್ಲ, ಅವನು ಹಾಳಾಗಿ ಹೋಗ್ಲಿ. ಆ ಮಗು ಏನು ಮಾಡಿತ್ತು?” ಎದ್ದು ಸೆರಗು ಸರಿಮಾಡಿಕೊಂಡಳು. “ಇನ್ನೊಂದು ಪ್ರತಿ ಮಾಡಿಡಿ. ನಮ್ಮೆಜಮಾನ್ರು ಯಾವುದನ್ನೂ ಒಂದೇ ಕಡೆ ಇಡ್ತಿರಲಿಲ್ಲ.”

ಪಂಚನಾಮೆ ಮೂಗೊರೆಸಿಕೊಂಡು ಜಪ್ತಿ ಪಟ್ಟಿಯಲ್ಲಿ ಬರೆಯತೊಡಗಿದ: ಕರಿ ಬಣ್ಣದ ಡಬ್ಬಿ, ಒಂದು. ಸುತ್ತಿದ್ದ ಸೀರೆಯನ್ನು ಮಡಿಸಿ ಆಕೆಗೆ ವಾಪಸು ಕೊಟ್ಟ.