ಜರಡಿ ಕಾಣದ ಮರಳು

ಮಧ್ಯಾಹ್ನ ಹನ್ನೆರಡೂವರೆಗೆ ದಾವಣಗೆರೆಯ ಬಿಸಿಲು ನೆತ್ತಿಯ ಮೇಲೆ ಬಂದು ನಿಂತಾಗ ಊರೆಲ್ಲ ನೆರಳು ಹುಡುಕಿಕೊಂಡು ಹೋಗುತ್ತಿತ್ತು. ಬಿಸಿಲ ಕಣಜಕ್ಕೆ ಮಾತ್ರ ಅದು ಊಟದ ಹೊತ್ತು. ಊರಂಚಿನಲ್ಲಿ ಐದು ಅಂತಸ್ತಿನೆತ್ತರ ನಿಂತಿದ್ದ ಆ ದುಂಡನೆಯ ಉಕ್ಕಿನ ಗೋಪುರದ ಹೊಟ್ಟೆಯಲ್ಲಿ ನಾಲ್ಕು ಸಾವಿರ ಟನ್ ಮರಳಿತ್ತು. ಊರಿನ ಚಾವಣಿಗಳ ಮೇಲಿನ ಸೌರಫಲಕಗಳು ಆ ಹೊತ್ತಿನಲ್ಲಿ ಬಳಸಿ ಮುಗಿಸಲಾರದಷ್ಟು ವಿದ್ಯುತ್ತನ್ನು ಕೊಡುತ್ತಿದ್ದವು. ಮಿಕ್ಕಿದ್ದೆಲ್ಲ ಮರಳಿನೊಳಗೆ ಹುಗಿದ ಲೋಹದ ಸರಳುಗಳಿಗೆ ಹರಿದು, ಸರಳುಗಳು ಕೆಂಪಾಗಿ, ಮರಳು ಆರುನೂರು ಡಿಗ್ರಿಗೆ ಕಾಯುತ್ತಿತ್ತು. ಮರಳಿಗೊಂದು ಒಳ್ಳೆಯ ಗುಣವಿದೆ. ಒಮ್ಮೆ ಕಾದರೆ ಬೇಗ ಆರುವುದಿಲ್ಲ. ಸುತ್ತಲಿನ ಗೋಡೆ ದಪ್ಪಗಿದ್ದರೆ ಸೋಮವಾರದ ಬಿಸಿಲನ್ನು ಗುರುವಾರ ಬಡಿಸಬಹುದು.

ಬಡಿಸುತ್ತಿದ್ದದ್ದು ಮಂಡಕ್ಕಿ ಭಟ್ಟಿಗಳಿಗೆ. ಕಾದ ಮರಳಿನಲ್ಲಿ ಅಕ್ಕಿ ಹುರಿದು ಮಂಡಕ್ಕಿ ಅರಳಿಸುವ ಆ ಬೀದಿಯಲ್ಲಿ ತಲೆಮಾರುಗಳಿಂದ ಹಳೆಯ ಟೈರು, ಭತ್ತದ ಹೊಟ್ಟು, ಕೈಗೆ ಸಿಕ್ಕಿದ್ದನ್ನೆಲ್ಲ ಉರಿಸುತ್ತಿದ್ದರು. ಒಗೆದು ಹಾಕಿದ ಬಿಳಿ ಅಂಗಿ ಸಂಜೆಗೆ ಬೂದು ಬಣ್ಣಕ್ಕೆ ತಿರುಗುತ್ತಿದ್ದ ಬೀದಿ ಅದು. ಈಗ ಕಣಜದ ಮರಳೇ ಮುಚ್ಚಿದ ಕೊಳವೆಗಳಲ್ಲಿ ಇಳಿದು, ದಾರಿಯಲ್ಲಿ ಹದವಾದ ಬಿಸಿಗೆ ಬಂದು, ಎಂಬತ್ತು ಭಟ್ಟಿಗಳ ಬಾಣಲೆಗೆ ಬೀಳುತ್ತಿತ್ತು. ಅಕ್ಕಿ ಅರಳಿದ ಮೇಲೆ ಅದೇ ಮರಳು ಬಕೆಟ್ ಕಟ್ಟಿದ ಸರಪಳಿ ಹತ್ತಿ ಕಣಜಕ್ಕೆ ವಾಪಸಾಗುತ್ತಿತ್ತು. ಹೊಗೆಯಿಲ್ಲ, ಬೂದಿಯಿಲ್ಲ.

ಇದನ್ನು ಕಂಡುಹಿಡಿದವಳು ಡಾ. ಸಿಂಚನಾ ಬೇತೂರು. ಇದೇ ಊರಲ್ಲಿ ಹುಟ್ಟಿದವಳು, ಐವತ್ತಕ್ಕೆ ಎರಡು ವರ್ಷ ಕಡಿಮೆ. ಬುದ್ಧಿವಂತೆ, ಶ್ರಮಜೀವಿ, ಪ್ರಾಮಾಣಿಕಳು. ತಾನು ಬುದ್ಧಿವಂತೆ, ಶ್ರಮಜೀವಿ, ಪ್ರಾಮಾಣಿಕಳು ಎಂಬುದು ಅವಳಿಗೂ ಚೆನ್ನಾಗಿ ಗೊತ್ತಿತ್ತು. ತೊಂದರೆ ಶುರುವಾದದ್ದೇ ಅಲ್ಲಿ.

ಆ ವರ್ಷಗಳಲ್ಲಿ ರಾಜ್ಯವೆಲ್ಲ ತಾತ್ಕಾಲಿಕವಾಗಿ ಜಾರಿಗೆ ತಂದಿದ್ದ ಶೂನ್ಯ ಕಾಯ್ದೆಯ ಜಗಳದಲ್ಲಿ ಮುಳುಗಿತ್ತು. ಗಾಳಿಗೆ ಬಿಟ್ಟಷ್ಟೂ ಇಂಗಾಲವನ್ನು ಗಾಳಿಯಿಂದಲೇ ಹಿಂದಕ್ಕೆ ತೆಗೆದು ಸೊನ್ನೆಗೆ ತರಬೇಕು, ಹಾಗೆ ತರಲಾರದವರು ಉರಿಸುವುದನ್ನೇ ಬಿಡಬೇಕು ಎಂಬುದು ಕಾಯ್ದೆಯ ಸಾರ. ‘ಸೊನ್ನೆ ಬೇಡ’ ಎಂದು ಬಸ್ಸುಗಳ ಬೆನ್ನ ಮೇಲೆಲ್ಲ ಬರೆದಿದ್ದರು. ವಿರೋಧಿಸಿದವರಲ್ಲಿ ಕಲ್ಲಿದ್ದಲು ಮಾರಿ ಕೊಬ್ಬಿದವರಿದ್ದರು, ಮುಂದಿನ ಚುನಾವಣೆಗೆ ಹೊಂಚು ಹಾಕಿ ಕೂತವರಿದ್ದರು, ಭೂಮಿ ಬಿಸಿಯಾಗುತ್ತಿರುವುದೇ ಸುಳ್ಳು ಎಂದು ಬೆವರು ಒರೆಸಿಕೊಳ್ಳುತ್ತ ಭಾಷಣ ಮಾಡುವ ಪುಣ್ಯಾತ್ಮರೂ ಇದ್ದರು. ಅವರ ಪಕ್ಕದಲ್ಲೇ ಮಂಡಕ್ಕಿ ಭಟ್ಟಿಯ ಹೆಂಗಸರೂ ನಿಂತಿದ್ದರು. ಸಿಂಚನಾಳ ಕಣ್ಣಿಗೆ ಎಲ್ಲರೂ ಒಂದೇ ಗುಂಪಾಗಿ ಕಂಡರು.

ಭಟ್ಟಿಗಳ ಚಿಮಣಿ ಕೆಡವುವ ಮುಂಚೆ ಶೂನ್ಯ ಪ್ರಾಧಿಕಾರದವರು ಒಂದು ಅಹವಾಲು ಸಭೆ ಕರೆದಿದ್ದರು. ಅಲ್ಲಿ ಭಟ್ಟಿ ಕೆಲಸಗಾರರ ಸಂಘದ ಹಿರಿಯಳಾದ ಹಾಜಿರಾಬಿ ಎದ್ದು ನಿಂತಳು. ಅರವತ್ತು ದಾಟಿದ ಹೆಂಗಸು. ಮರಳು ಸಿಡಿದು ಸಿಡಿದು ಮುಂಗೈ ತುಂಬ ಚುಕ್ಕೆ.

"ಮೇಡಂ, ನಿಮ್ ಕಣಜ ಬರ್ಲಿ. ಬ್ಯಾಡ ಅನ್ನಲ್ಲ. ಆದ್ರೆ ಶುಕ್ರವಾರ ಅದು ನಿಲ್ಬೇಕು. ವಾರಕ್ಕೊಂದಿನ ಮರಳಿಗೆ ಬಿಡುವು ಕೊಡ್ಲೇಬೇಕು. ಇಲ್ಲಾಂದ್ರೆ ನಾವು ಒಪ್ಪಲ್ಲ" ಎಂದಳು.

ಸಿಂಚನಾ ಬೆಳಗಿನಿಂದ ನಲವತ್ತು ಆಕ್ಷೇಪಣೆ ಕೇಳಿ ದಣಿದಿದ್ದಳು. ಹಾಜಿರಾಬಿಯ ಮಾತಿನಲ್ಲಿ ಅವಳ ಕಿವಿಗೆ ಬಿದ್ದದ್ದು ‘ಶುಕ್ರವಾರ’ ಮತ್ತು ‘ಒಪ್ಪಲ್ಲ’ ಎರಡೇ. ಕಣಜ ಒಂದು ದಿನ ಆರಿದರೆ ಮತ್ತೆ ಕಾಯಲು ಎರಡು ದಿನ ಬೇಕು. ಇವರಿಗೆ ಇದೆಲ್ಲ ಎಲ್ಲಿ ಅರ್ಥವಾಗಬೇಕು ಎಂದುಕೊಂಡು ಮೈಕಿಗೆ ಬಾಯಿ ಹಚ್ಚಿದಳು.

"ರಜೆ ಬೇಕಿದ್ದರೆ ನೀವು ತಗೊಳ್ಳಿ ಆಪಾ, ಯಾರು ಬೇಡ ಅಂತಾರೆ? ಮರಳಿಗೂ ಶುಕ್ರವಾರದ ರಜೆ ಬೇಕಾ?"

ಸಭೆಗೆ ಸಭೆಯೇ ನಕ್ಕಿತು. ಹಾಜಿರಾಬಿ ಏನೋ ಹೇಳಲು ಬಾಯಿ ತೆರೆದಳು, ಅಷ್ಟರಲ್ಲಿ ಮೈಕು ಮುಂದಿನವರ ಕೈಗೆ ಹೋಗಿತ್ತು. ಸಭೆಯ ಆ ವೀಡಿಯೊ ತುಣುಕು ರಾಜ್ಯವೆಲ್ಲ ಹರಿದಾಡಿತು. ಮರಳಿಗೂ ರಜೆ ಕೇಳುವವರು ಎಂಬ ಹೆಸರು ಆ ಬೀದಿಗೆ ಅಂಟಿಕೊಂಡಿತು. ಆ ನಗು ಸಿಂಚನಾಳಿಗೆ ಹಿತವಾಗಿತ್ತು ಎಂಬುದನ್ನೂ ಇಲ್ಲಿ ಹೇಳಿಬಿಡಬೇಕು. ಮನೆಗೆ ಹೋಗಿ ಆ ತುಣುಕನ್ನು ಅವಳು ಎರಡು ಸಲ ನೋಡಿದ್ದಳು.

ಚಿಮಣಿಗಳು ಉರುಳಿದವು. ಕಣಜ ಹದಿನಾಲ್ಕು ತಿಂಗಳು ಒಂದು ದಿನವೂ ನಿಲ್ಲದೆ ದುಡಿಯಿತು. ನಲವತ್ತು ಊರುಗಳಲ್ಲಿ ಅಂಥವೇ ಕಣಜಗಳಿಗೆ ಅಡಿಪಾಯ ಬಿತ್ತು. ಹದಿನೈದನೆಯ ತಿಂಗಳ ಒಂದು ಬೆಳಿಗ್ಗೆ ಕೊಳವೆಗಳಿಂದ ಮರಳು ಇಳಿಯಲಿಲ್ಲ. ನಾಲ್ಕು ದಿನ ಆರಿಸಿ ಬಾಗಿಲು ತೆಗೆದು ನೋಡಿದರೆ ಒಳಗೆ ಮರಳೇ ಇರಲಿಲ್ಲ, ಬಂಡೆಯಿತ್ತು. ಆಳೆತ್ತರದ ಗಟ್ಟಿಗಳು ಸರಳುಗಳನ್ನು ತಬ್ಬಿ ಕೂತಿದ್ದವು. ಸರಳುಗಳು ತುಕ್ಕು ತಿಂದು ಬೆರಳಿನಷ್ಟಾಗಿದ್ದವು. ಪರೀಕ್ಷೆ ಮಾಡಿದಾಗ ಸಿಕ್ಕಿದ್ದು ಅಡುಗೆಮನೆಯ ಉಪ್ಪು. ಉಪ್ಪು ಎಂಟುನೂರು ಡಿಗ್ರಿಯಲ್ಲಿ ಕರಗಿ ನೀರಾಗುತ್ತದೆ. ಕಾದ ಸರಳಿನ ಮಗ್ಗುಲಲ್ಲಿ ಅಷ್ಟು ಬಿಸಿ ಇದ್ದೇ ಇರುತ್ತದೆ. ಕರಗಿದ ಉಪ್ಪು ಮರಳಿನ ಕಣಗಳನ್ನು ಅಂಟಿನ ಹಾಗೆ ಬೆಸೆದಿತ್ತು.

ಸಿಂಚನಾ ತನ್ನ ಮೊದಲ ವರದಿಯಲ್ಲಿ ಬರೆದಳು: "ಮರಳಿನಲ್ಲಿ ಇರಬಾರದ ಉಪ್ಪು ಹೇರಳವಾಗಿದೆ. ಹೊರಗಿನಿಂದ ಸೇರಿಸಿರುವ ಸಾಧ್ಯತೆ ಇದೆ."

ಅಷ್ಟು ಸಾಕಾಯಿತು. ಪ್ರಾಧಿಕಾರದ ಆಯುಕ್ತ ನಿಶಾಂತ್ ಹೊಸಗೌಡ್ರ ಸಂಜೆಯೊಳಗೆ ಪೊಲೀಸರಿಗೆ ದೂರು ಕೊಟ್ಟರು. ಹಾಜಿರಾಬಿಯದು ಮೊದಲ ಹೆಸರು, ಹಿಂದೆ ಇನ್ನು ಮೂವರು ಹೆಂಗಸರದು. ಶೂನ್ಯ ಕಾಯ್ದೆಯಡಿ ಕಟ್ಟಿದ್ದನ್ನು ಕೆಡಿಸಿದರೆ ಏಳು ವರ್ಷ ಜೈಲು. ವಿರೋಧಿಗಳು ಉಪ್ಪು ಸುರಿದರು ಎಂದು ಟೀವಿಗಳು ಕೂಗಿದವು, ಜನ ನಂಬಿದರು. ಸಿಂಚನಾ ತಾನೂ ನಂಬಿದಳು.

ಮರುದಿನ ಸಾಯಂಕಾಲ ಕಚೇರಿಯ ಕ್ಯಾಂಟೀನಿನಲ್ಲಿ ಮಿರ್ಚಿ ಮಂಡಕ್ಕಿ ತರಿಸಿದಳು. ಊರಿನ ಭಟ್ಟಿಗಳು ನಿಂತು ಮಂಡಕ್ಕಿ ಬೇರೆ ಊರಿಂದ ಬರುತ್ತಿತ್ತು. ಒಗ್ಗರಣೆ ಕಲಸುವ ಮುಂಚೆ ಬರೀ ಮಂಡಕ್ಕಿ ಒಂದು ಹಿಡಿ ಬಾಯಿಗೆ ಹಾಕಿಕೊಂಡಳು.

ಉಪ್ಪುಪ್ಪಾಗಿತ್ತು.

ಅಗಿಯುವುದು ನಿಂತಿತು. ಹಲ್ಲು ಬಂದಾಗಿನಿಂದ ತಿಂದ ಮಂಡಕ್ಕಿ. ಅದು ಉಪ್ಪುಪ್ಪಾಗಿರುತ್ತದೆ ಎಂದು ನಾಲಿಗೆಗೆ ನಲವತ್ತೈದು ವರ್ಷಗಳಿಂದ ಗೊತ್ತಿತ್ತು, ತಲೆಗೆ ಮಾತ್ರ ಯಾರೂ ಹೇಳಿರಲಿಲ್ಲ. ಪ್ರಯೋಗಾಲಯದಲ್ಲಿ ಅವಳು ಅರಳಿಸಿ ನೋಡಿದ್ದು ಅಂಗಡಿಯ ಸಪ್ಪೆ ಅಕ್ಕಿಯನ್ನು. ಅರಳಿದ ಕಾಳಿನ ಗಾತ್ರ ಅಳೆದಿದ್ದಳು, ತೂಕ ನೋಡಿದ್ದಳು, ಬಾಯಿಗೆ ಹಾಕಿಕೊಂಡಿರಲಿಲ್ಲ. ತಟ್ಟೆಯನ್ನು ಹಾಗೆಯೇ ಬಿಟ್ಟು ಎದ್ದು ಭಟ್ಟಿ ಬೀದಿಗೆ ನಡೆದಳು.

ಭಟ್ಟಿ ಬೀದಿಯಲ್ಲಿ ಯಾರಿಗೂ ಕೆಲಸವಿರಲಿಲ್ಲ. ಹಾಜಿರಾಬಿ ಆರಿದ ಬಾಣಲೆಯ ಪಕ್ಕ ಕೂತಿದ್ದಳು.

"ಬರ್ರಿ ಮೇಡಂ. ಪೊಲೀಸ್ರನ್ನ ಕರ್ಕೊಂಡು ಬಂದಿಲ್ಲೇನು?"

"ಆಪಾ, ಅಕ್ಕಿಗೆ ಉಪ್ಪು ಹಾಕ್ತೀರಾ?"

ಹಾಜಿರಾಬಿ ಅವಳತ್ತ ತಿರುಗಿ ಕೂತಳು. "ನೀವು ಈ ಊರೋರೇ ಅಲ್ವಾ? ಹಿಂದಿನ್ ದಿನಾನೇ ಅಕ್ಕಿಗೆ ಉಪ್ನೀರು ಕಲಸಿ ಒಣಗಿಸ್ತೀವಿ. ಇಲ್ಲಾಂದ್ರೆ ಅದು ಮಂಡಕ್ಕಿ ಹೆಂಗಾಗುತ್ತೆ? ಆ ಉಪ್ಪು ಮರಳಿಗೆ ಹತ್ತುತ್ತೆ. ನಮ್ ಬಾಣಲೆಯಷ್ಟು ಮರಳು ಆರು ದಿನಕ್ಕೆ ಗಂಟು ಕಟ್ಟಾಕೆ ಶುರು ಮಾಡುತ್ತೆ, ನಿಮ್ ಕಣಜಕ್ಕೆ ವರ್ಷ ಹಿಡೀತು ಅಷ್ಟೇ. ಅದಕ್ಕೇ ಶುಕ್ರವಾರ ಭಟ್ಟಿ ಆರ್ಸಿ, ಜರಡಿ ಹಿಡ್ದು, ನೀರಾಗೆ ತೊಳ್ದು ಒಣಗಿಸ್ತಿದ್ವಿ. ನಮ್ಮತ್ತೆ ಕಾಲದಿಂದ್ಲೂ ಹಂಗೇ. ಗಂಡಸ್ರು ನಮಾಜಿಗೆ ಹೋಗ್ತಿದ್ರು, ನಾವು ಮರಳು ತೊಳೀತಿದ್ವಿ."

"ಇದನ್ನ ಅವತ್ತು ಸಭೆಯಲ್ಲಿ ಯಾಕೆ ಹೇಳಲಿಲ್ಲ?" ಕೇಳಿದ ಮೇಲೆ ಆ ಪ್ರಶ್ನೆಗೂ ಸಿಂಚನಾಳಿಗೆ ನಾಚಿಕೆಯಾಯಿತು.

"ಬಾಯಿ ತೆಗ್ದಿದ್ದೆ. ನೀವೆಲ್ರೂ ನಗ್ತಿದ್ರಿ. ಆಮೇಲೆ ಬರ್ದು ಕೊಟ್ವಿ, ಒಂದಲ್ಲ, ಹನ್ನೊಂದು ಅರ್ಜಿ. ನಿಮ್ಮ ಆಫೀಸ್ನೋರು ಸೀಲ್ ಹೊಡ್ದು ಇಸ್ಕೊಂಡ್ರು. ಆಮೇಲೆ ‘ಸೊನ್ನೆ ಬೇಡ’ದೋರು ಬಂದು ನಮ್ಜೊತೆ ಬರ್ರಿ ಅಂದ್ರು, ಹೋದ್ವಿ. ಕೇಳ್ಸ್ಕೊಳ್ಳೋರು ಅವ್ರೊಬ್ರೇ ಇದ್ದಿದ್ದು." ಹಾಜಿರಾಬಿ ಮುಂದುವರಿಸಿದಳು, "ನಮಗೆ ಹೊಗೆ ಬೇಕು ಅಂತ ಜನ ತಿಳ್ಕೊಂಡವ್ರೆ. ನಮ್ಮನೆಯೋರು ಆ ಹೊಗೆ ಕುಡ್ದೇ ಸತ್ರು ಮೇಡಂ. ಹೊಗೆ ಬೇಕು ಅಂತ ನಾ ಯಾಕೆ ಅನ್ಲಿ?"

ಸಿಂಚನಾಳಿಗೆ ನೆಲ ಬಾಯಿಬಿಟ್ಟರೆ ಇಳಿದುಹೋಗಬೇಕು ಅನ್ನಿಸಿತು. ಕ್ಷಮಿಸಿ ಎಂದೂ ಅನ್ನದೆ ತಲೆ ತಗ್ಗಿಸಿಕೊಂಡು ಬೀದಿ ದಾಟಿ ಬಂದಳು.

ಆಯುಕ್ತ ಹೊಸಗೌಡ್ರ ಕೆಟ್ಟ ಮನುಷ್ಯರಲ್ಲ. ಕಾಯ್ದೆಯನ್ನು ಮನಸಾರೆ ನಂಬಿದವರು. ಸಿಂಚನಾ ಹೇಳಿದ್ದನ್ನೆಲ್ಲ ಕೇಳಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಮುಂದಿನ ವಾರ ವಿಧಾನಸಭೆಯಲ್ಲಿ ಕಾಯ್ದೆಯನ್ನ ಕಾಯಂ ಮಾಡೋದು ಮತಕ್ಕೆ ಬರ್ತಿದೆ ಮೇಡಂ. ಕಣಜದ ವಿನ್ಯಾಸವೇ ತಪ್ಪು ಅಂತ ಕಣಜ ಕಟ್ಟಿದವರೇ ಹೇಳಿದರೆ ನಲವತ್ತು ಊರಿನ ಕೆಲಸ ನಿಂತುಹೋಗುತ್ತೆ. ಈ ನಾಲ್ವರ ಕೇಸು ಎರಡು ವರ್ಷದಲ್ಲಿ ತಾನಾಗಿಯೇ ಬಿದ್ದುಹೋಗುತ್ತೆ, ನಾನು ನೋಡ್ಕೋತೀನಿ. ಭೂಮಿ ದೊಡ್ಡದಾ, ನಿಮ್ಮ ನಾಚಿಕೆ ದೊಡ್ಡದಾ?"

ಭೂಮಿಯೇ ದೊಡ್ಡದು ಎಂದು ಎರಡು ದಿನ ತನಗೆ ತಾನೇ ಹೇಳಿಕೊಂಡಳು. ಎರಡು ದಿನ ಮನೆಯಿಂದ ಹೊರಗೆ ಬರಲಿಲ್ಲ, ಫೋನ್ ಎತ್ತಲಿಲ್ಲ. ಭೂಮಿಯ ಬಗ್ಗೆ ಯೋಚಿಸುತ್ತಿದ್ದೇನೆ ಎಂದುಕೊಂಡವಳಿಗೆ ಮೂರನೆಯ ದಿನ ಬೆಳಿಗ್ಗೆ ಗೊತ್ತಾಯಿತು, ಯೋಚಿಸುತ್ತಿದ್ದದ್ದು ತನ್ನ ಹೆಸರಿನ ಬಗ್ಗೆ. ಯಾವ ಸಭಾಂಗಣದಲ್ಲಿ ನಗಿಸಿದ್ದಳೋ ಅಲ್ಲಿಗೇ ಪತ್ರಿಕೆಯವರನ್ನು ಕರೆಸಿ ನಿಂತಳು.

"ಉಪ್ಪು ಯಾರೂ ಸುರಿದಿಲ್ಲ. ಅಕ್ಕಿಯಲ್ಲೇ ಇತ್ತು. ಮರಳನ್ನು ವಾರಕ್ಕೊಮ್ಮೆ ತೊಳೆಯಬೇಕು ಅಂತ ಭಟ್ಟಿಯವರು ಹೇಳಿದ್ದರು. ಅದು ನನಗೆ ರಜೆಯ ನೆಪದ ಹಾಗೆ ಕೇಳಿಸಿತು, ಯಾಕೆಂದರೆ ಹೇಳಿದವರು ಯಾರು ಅನ್ನೋದನ್ನ ಮಾತ್ರ ನಾನು ನೋಡಿದೆ. ಕಣಜ ಕೆಟ್ಟಿದ್ದು ನನ್ನಿಂದ" ಎಂದಳು. ಯಾರೂ ನಗಲಿಲ್ಲ.

ದೂರು ವಾಪಸಾಯಿತು. ಕಾಯ್ದೆಯನ್ನು ಹತ್ತು ವರ್ಷ ಮುಂದಕ್ಕೆ ಹಾಕಿದರು. ನಲವತ್ತು ಅಡಿಪಾಯಗಳಲ್ಲಿ ಕಳೆ ಬೆಳೆಯಿತು. ಕಾಯ್ದೆಯ ಪರ ಇದ್ದವರು ಸಿಂಚನಾಳನ್ನು ದ್ರೋಹಿ ಎಂದರು, ಅದನ್ನು ಹೇಗೋ ತಡೆದುಕೊಂಡಳು. ‘ಸೊನ್ನೆ ಬೇಡ’ದವರು ಹಾರ ತುರಾಯಿ ಹಿಡಿದು ಮನೆ ಬಾಗಿಲಿಗೆ ಬಂದಾಗ ಮಾತ್ರ ಒಳಗೆ ಹೋಗಿ ಚಿಲಕ ಹಾಕಿಕೊಂಡು ಅತ್ತಳು. ಕಲ್ಲಿದ್ದಲು ಲಾರಿಗಳು ಮತ್ತೆ ಓಡಾಡತೊಡಗಿದವು. ಭಟ್ಟಿ ಬೀದಿಯಲ್ಲಿ ತಗಡಿನ ಚಿಮಣಿಗಳು ಒಂದೊಂದಾಗಿ ಎದ್ದವು.

ದೂರು ವಾಪಸಾದ ಕಾಗದಗಳಿಗೆ ಸಹಿ ಹಾಕಲು ಇಬ್ಬರೂ ಠಾಣೆಗೆ ಬಂದಿದ್ದ ದಿನ ಹಾಜಿರಾಬಿ ಅವಳಿಗೆ ಎದುರಾದಳು.

"ಒಳ್ಳೇದ್ ಮಾಡಿದ್ರಿ ಅಂತ ನಾ ಅನ್ನಲ್ಲ ಮೇಡಂ. ನೀವು ಯೋಚ್ನೆ ಮಾಡ್ತಾ ಕೂತಿದ್ದ ಎರಡ್ ದಿನ ನಾನು ಇದೇ ಠಾಣೆ ಬೆಂಚಿನ ಮ್ಯಾಲೆ ಕೂತಿದ್ದೆ" ಎಂದಳು. ನಾಲ್ಕು ಹೆಜ್ಜೆ ಹೋಗಿ ತಿರುಗಿದಳು. "ಇನ್ನೊಂದ್ ಕಣಜ ಕಟ್ಟೋದಾದ್ರೆ ಮೊದ್ಲೇ ಕರೀರಿ. ಬರ್ತೀನಿ."

ಅಂದೇ ಸಿಂಚನಾ ಪ್ರಾಧಿಕಾರದ ಕಡತಗಳ ಕೋಣೆಗೆ ಹೋಗಿ ಆ ಹನ್ನೊಂದು ಅರ್ಜಿಗಳನ್ನು ಕೇಳಿದಳು. ಕೊಟ್ಟ ಕಡತದ ಮೇಲೆ ‘ವಿರೋಧ’ ಎಂದು ಬರೆದಿತ್ತು. ನೆಲದ ಮೇಲೆಯೇ ಕೂತು ಓದಿದಳು. ಎಷ್ಟು ಅಕ್ಕಿಗೆ ಎಷ್ಟು ಉಪ್ಪು, ಎಷ್ಟು ದಿನಕ್ಕೆ ಮರಳು ಗಂಟಾಗುತ್ತದೆ, ಒಂದು ಬಾಣಲೆ ಮರಳು ತೊಳೆಯಲು ಎಷ್ಟು ಕೊಡ ನೀರು, ಎಲ್ಲವೂ ಇತ್ತು. ಅವಳ ತಂಡಕ್ಕೆ ಮೂರು ವರ್ಷದಲ್ಲಿ ಹೊಳೆಯದಿದ್ದದ್ದು ಅಲ್ಲಿ ಎರಡು ಪುಟಗಳಲ್ಲಿತ್ತು. ಅದೇ ಕಡತದಲ್ಲಿ ಬೇರೆ ಊರುಗಳ ಇಟ್ಟಿಗೆ ಗೂಡಿನವರ, ಬಣ್ಣ ಹಾಕುವವರ, ಮೀನು ಒಣಗಿಸುವವರ ಅರ್ಜಿಗಳೂ ಇದ್ದವು. ಒಂದನ್ನಾದರೂ ಯಾರೂ ಬಿಚ್ಚಿ ನೋಡಿದ ಗುರುತಿರಲಿಲ್ಲ.

ಎಲ್ಲಕ್ಕಿಂತ ಕೆಳಗೆ, ಯಾವುದೋ ಹಳೆಯ ಕಚೇರಿಯಿಂದ ವರ್ಗವಾಗಿ ಬಂದ ಒಂದು ಹಳದಿ ಹಾಳೆ ಸಿಕ್ಕಿತು. ಗೆರೆ ಹಾಕಿದ ನೋಟ್‌ಬುಕ್ಕಿನ ಹಾಳೆ, ದುಂಡು ಅಕ್ಷರ.

"ಮಾನ್ಯರೇ, ಭಟ್ಟಿಯಲ್ಲಿ ಟೈರು ಸುಟ್ಟು ನಮ್ಮ ಮನೆಮಂದಿಗೆಲ್ಲ ಕೆಮ್ಮು ಹತ್ತಿದೆ. ನಮ್ಮ ಯಜಮಾನರಿಗೆ ಮಲಗಲು ಆಗುವುದಿಲ್ಲ, ಕೂತೇ ನಿದ್ದೆ ಮಾಡುತ್ತಾರೆ. ಹೊಗೆ ಬಾರದ ಭಟ್ಟಿಯನ್ನು ಯಾರಾದರೂ ಕಂಡುಹಿಡಿದರೆ ದಯವಿಟ್ಟು ಮೊದಲು ನಮ್ಮ ಬೀದಿಗೆ ಕೊಡಿಸಬೇಕು. ಅದಕ್ಕೆ ನಮ್ಮ ಕೈಲಾದ ಕೆಲಸ ಮಾಡಿಕೊಡುತ್ತೇವೆ. ಇಂತಿ, ಹಾಜಿರಾಬಿ ಮತ್ತು ಹದಿನೇಳು ಮಂದಿ."

ಅಂಚಿನಲ್ಲಿ ಯಾವನೋ ಗುಮಾಸ್ತ ನೀಲಿ ಶಾಯಿಯಲ್ಲಿ ಬರೆದಿದ್ದ: "ದೂರು. ಉತ್ತರ ಬೇಕಿಲ್ಲ." ಕೆಳಗೆ ಕಣಜದ ಮಾತೇ ಇಲ್ಲದ ಕಾಲದ ತಾರೀಕಿತ್ತು. ಜೂನ್ 2026.