ಅವ್ವನ ಹೆಸರಿನ ಬೂಷ್ಟು

"ಕಾಲು ತಗೀರಿ... ಅಲ್ಲಿ ಜೀವ ಐತಿ!"

ನಾರಾಯಣಗೂಡದ ಕಟ್ಟಿಗೆ ಅಡ್ಡೆಯ ಮುಂದೆ, ಕೊಳೆತ ದಿಮ್ಮಿಯ ಮೇಲೆ ಕಾಲಿಟ್ಟು ಬೂಟಿನ ಲೇಸು ಕಟ್ಟುತ್ತಿದ್ದ ಯುವಕ ಹಾವೋ ಚೇಳೋ ಎಂದು ಹಿಂದಕ್ಕೆ ಹಾರಿದ. ಕೂಗಿದ ಹುಡುಗಿ ಅವನತ್ತ ತಿರುಗಿಯೂ ನೋಡದೆ ದಿಮ್ಮಿಯ ಪಕ್ಕ ಮಂಡಿಯೂರಿದಳು.

ಅಲ್ಲಿದ್ದದ್ದು ಹಾವಲ್ಲ. ಅರಿಶಿನ ಕಲಸಿ ಚೆಲ್ಲಿದಂಥ ಹಳದಿ ಲೋಳೆ.

ಆ ಹುಡುಗಿ, ಶಿವದೇವಿ, ಬೀದಿಯಲ್ಲಿ ತೆಲುಗನ್ನೇ ಆಡುವವಳು. ಗಾಬರಿಯಲ್ಲಿ ಮಾತ್ರ ಮನೆಯ ಮಾತು ಬಾಯಿಗೆ ಬಂದಿತ್ತು. ಆ ಯುವಕನೂ ಬಗ್ಗಿ ನೋಡಿ, ಕನ್ನಡದಲ್ಲೇ ಮೆಲ್ಲಗೆ ಹೇಳಿದ. "ಲೋಳೆ ಬೂಷ್ಟು. ಹಳದಿ ಇರೋವಾಗ ಯಾವ ಜಾತಿ ಅಂತ ಹೇಳೋಕಾಗಲ್ಲ. ಕಾಯಿ ಕಟ್ಟೋವರೆಗೂ ಕಾಯಬೇಕು."

ಅವಳು ಬೆರಗಾಗಿ ತಲೆಯೆತ್ತಿದಳು. ಇಷ್ಟು ದಿನ ಈ ಲೋಳೆ ಕಂಡು ಮೂಗು ಮುಚ್ಚಿಕೊಂಡವರನ್ನೇ ನೋಡಿದ್ದಳಲ್ಲ! ಪ್ರೇಮ ಕಥೆಗೆ ಬೂಷ್ಟೇ ಸಿಕ್ಕಿತೇ ಎಂದು ನೀವೂ ಮೂಗು ಮುರಿಯಬೇಡಿ. ಎಂಬತ್ತರ ದಶಕದ ಆ ಮಳೆಗಾಲದಲ್ಲಿ ಇವರಿಬ್ಬರಿಗೆ ಸಿಕ್ಕಿದ್ದು ಅದೇ.

ಅವನ ಹೆಸರು ಚನ್ನಬಸಪ್ಪ. ತುಮಕೂರು ಕಡೆಯವರು, ತಂದೆಗೆ ಇಲ್ಲಿನ ರಕ್ಷಣಾ ಕಾರ್ಖಾನೆಯಲ್ಲಿ ಕೆಲಸ. ಮುಂದಿನ ವಾರ ಅವಳು ಸಂಶೋಧನೆ ಮಾಡುತ್ತಿದ್ದ ಲ್ಯಾಬಿಗೇ ಅವನು ಬಂದು ಸೇರಿದಾಗ ಇಬ್ಬರಿಗೂ ನಗು ಬಂತು.

ದಿಮ್ಮಿಯ ತೊಗಟೆಯೊಡನೆ ತಂದ ಲೋಳೆಯನ್ನು ಅವಳು ಗಾಜಿನ ತಟ್ಟೆಯಲ್ಲಿ, ಒದ್ದೆ ಕಾಗದದ ಮೇಲೆ ಸಾಕುತ್ತಿದ್ದಳು. ಆ ಲೋಳೆ ರಾತ್ರಿಯೆಲ್ಲ ಹರಿದಾಡಿ ಬೆಳಿಗ್ಗೆಗೆ ತಟ್ಟೆಯ ಇನ್ನೊಂದು ಬದಿಗೆ ಹೋಗಿರುತ್ತಿತ್ತು. ಅದರ ಊಟಕ್ಕೆಂದು ಚನ್ನಬಸಪ್ಪ ಹಿಮಾಯತ್‌ನಗರದ ದೊಡ್ಡ ಅಂಗಡಿಯಿಂದ ಓಟ್ಸ್ ಡಬ್ಬಿ ತಂದ. ಬೂಷ್ಟಿಗೆ ಇಷ್ಟು ಉಪಚಾರವೇ ಎಂದು ಲ್ಯಾಬಿನವರು ನಕ್ಕರು. ಉಪಚಾರ ಯಾರಿಗೆಂದು ಅವರಿಗೂ ಗೊತ್ತಿತ್ತು.

ಒಂದು ಮಧ್ಯಾಹ್ನ ಅವಳು ತನ್ನ ಆಸೆಯನ್ನು ಅವನಿಗೆ ಹೇಳಿಕೊಂಡಳು. ಇದು ಹೊಸ ಜಾತಿಯಾದರೆ ಅವ್ವನ ಹೆಸರಿಡಬೇಕು. ಅವ್ವ ಬಸಲಿಂಗಮ್ಮ ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವಳು. ಮಗಳ ಓದಿಗಾಗಿ ಮನೆಮಂದಿಯೊಡನೆ ಜಗಳವಾಡಿದವಳು. ಅವಳ ಹೆಸರು ಒಂದು ಪುಸ್ತಕದಲ್ಲಾದರೂ ಅಚ್ಚಾಗಬೇಡವೇ?

ಚನ್ನಬಸಪ್ಪ ನಗಲಿಲ್ಲ. ಅಂದೇ ಅವಳ ಮನಸ್ಸು ಅವನ ಕಡೆ ವಾಲಿತು.

ಕೊನೆಗೂ ಲೋಳೆ ಒಣಗಿ, ಗಸಗಸೆಯಷ್ಟು ಸಣ್ಣ ಬೂದು ಕಾಯಿಗಳಾಗಿ ನಿಂತಿತು. ಲ್ಯಾಬಿನ ರೂಢಿಯಂತೆ ಶಿವದೇವಿ ಒಂದು ಕಾಯಿಯನ್ನು ಲ್ಯಾಕ್ಟೋಫಿನಾಲ್ ದ್ರವದ ಹನಿಯಲ್ಲಿ ಕೂಡಿಸಿ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಳು. ಈ ಗುಂಪಿನ ಬೂಷ್ಟುಗಳ ಒಳಗಿನ ಎಳೆಗಳಲ್ಲಿ ಸುಣ್ಣದ ಕಣಗಳಿರಬೇಕು. ಇದರಲ್ಲಿ ಒಂದೂ ಇಲ್ಲ!

ಹೊಸ ಜಾತಿಯೇ ಇರಬೇಕೆಂದು ಗೈಡ್ ಮೇಡಮ್ ಕೂಡ ಒಪ್ಪಿದರು. ಮಾದರಿಯನ್ನು ವಿದೇಶದ ತಜ್ಞರಿಗೆ ಕಳಿಸುವುದೆಂದಾಯಿತು. ಆ ಸಂಜೆ ಬಸಲಿಂಗಮ್ಮ ಹೋಳಿಗೆ ಮಾಡಿ ಇಡೀ ಓಣಿಗೆ ಹಂಚಿದಳು.

ಶಿವದೇವಿ ಅಕ್ಕನ ಮದುವೆಗೆಂದು ಬೀದರಿಗೆ ಹೋಗಿ ಬಂದಳು. ನೋಡಿದರೆ ಮಾದರಿಯ ಪಾರ್ಸೆಲ್ ಲ್ಯಾಬಿನ ಮೇಜಿನ ಮೇಲೇ ಕುಳಿತಿತ್ತು. ಅದನ್ನು ತಡೆಯಿರೆಂದು ಚನ್ನಬಸಪ್ಪ ಮೇಡಮ್ ಬಳಿ ಕೇಳಿಕೊಂಡನಂತೆ!

ಅವನೇ? ತನ್ನ ಆಸೆಯೆಲ್ಲ ತಿಳಿದವನೇ?

"ನನ್ನ ಕೆಲಸಾ ತಡೀಲಿಕ್ಕೆ ನೀವ್ಯಾರ್ರಿ?" ಅವಳು ನೇರ ಅವನ ಮುಂದೆ ಹೋಗಿ ನಿಂತು ಕೇಳಿದಳು. "ಹೊಟ್ಟೆಕಿಚ್ಚು ಇದ್ದರ ನೇರ ಹೇಳ್ರಿ."

ಅವನ ಮುಖ ಬಿಳಿಚಿತು. "ಒಂದ್ಸಲ ಬರೀ ನೀರಲ್ಲಿಟ್ಟು ನೋಡಿ, ಶಿವದೇವಿ..." ಎಂದನಷ್ಟೆ. ಪೂರ್ತಿ ಕೇಳುವ ತಾಳ್ಮೆ ಅವಳಿಗಿರಲಿಲ್ಲ. ಕಣ್ಣೀರು ಕಾಣದಂತೆ ಸೆರಗಿನಲ್ಲಿ ಮುಖ ಒರೆಸಿಕೊಂಡು ಹೊರಟುಹೋದಳು.

ಮನೆಯಲ್ಲಿ ಅವ್ವ ಉಪ್ಪಿನಕಾಯಿಗೆ ನಿಂಬೆಹಣ್ಣು ಹೆಚ್ಚುತ್ತಿದ್ದಳು. ಶಿವದೇವಿ ಸಿಟ್ಟಿನಲ್ಲಿ ಅಡುಗೆಮನೆಗೆ ನುಗ್ಗಿದಾಗ ಕಾಲು ತಾಗಿ ರಸದ ಬಟ್ಟಲು ಉರುಳಿತು. ಶಹಾಬಾದ್ ಕಲ್ಲಿನ ನೆಲದ ಮೇಲೆ ರಸ ಸಣ್ಣಗೆ ನೊರೆಯಾಡಿತು.

"ಅಯ್ಯ, ಲಗೂನ ಒರಸು. ಹುಳಿ ಬಿದ್ದರ ಕಲ್ಲು ತಿಂತೈತಿ."

ಶಿವದೇವಿ ಬಟ್ಟೆ ಹಿಡಿದು ಕುಳಿತವಳು ಹಾಗೆಯೇ ಕುಳಿತುಬಿಟ್ಟಳು. ಶಹಾಬಾದ್ ಕಲ್ಲೆಂದರೆ ಸುಣ್ಣದ ಕಲ್ಲು. ಹುಳಿ ಸುಣ್ಣವನ್ನು ತಿನ್ನುತ್ತದೆ. ಲ್ಯಾಕ್ಟೋಫಿನಾಲಿನಲ್ಲಿ ಇರುವುದೂ ಮೊಸರಿನ ಹುಳಿಯೇ ಅಲ್ಲವೇ? ಬೂಷ್ಟಿನಲ್ಲಿ ಸುಣ್ಣ ಇಲ್ಲದೆ ಇರಲಿಲ್ಲ. ಅವಳು ಹಾಕಿದ ಹನಿಯೇ ಅದನ್ನು ಕರಗಿಸಿತ್ತು!

ಬರೀ ನೀರಲ್ಲಿಟ್ಟು ನೋಡಿ... ಅವನು ಹೇಳಿದ್ದು ಇದನ್ನೇ.

"ಅವ್ವಾ, ನಾ ತಪ್ಪು ಮಾಡೀನಿ. ಅದಕ್ಕ ಮೊದಲೇ ಹೆಸರು ಐತಿ ಅನ್ನಸ್ತೈತಿ." ಅವಳು ಬಿಕ್ಕಿದಳು.

ಬಸಲಿಂಗಮ್ಮ ಕೈ ತೊಳೆದು ಬಂದು ಮಗಳ ತಲೆ ನೇವರಿಸಿದಳು. "ಮಂದಿ ಕೂಸಿಗೆ ನನ್ನ ಹೆಸರು ಬ್ಯಾಡವ್ವಾ. ಅಳಬ್ಯಾಡ."

ಮರುದಿನ ನೀರಿನ ಹನಿಯಲ್ಲಿ ನೋಡಿದಾಗ ಎಳೆಎಳೆಯಲ್ಲೂ ಬಿಳಿ ಸುಣ್ಣದ ಕಣಗಳು ಕಂಡವು. ಪುಸ್ತಕ ತೆರೆದರೆ, ಯಾವುದೋ ಕಾಲದಲ್ಲಿ ಯಾರೋ ಹೆಸರಿಟ್ಟಾಗಿದ್ದ ಹಳೆಯ ಜಾತಿ. ಶಿವದೇವಿ ತಾನೇ ಹೋಗಿ ಮೇಡಮ್ ಮುಂದೆ ತಪ್ಪು ಒಪ್ಪಿಕೊಂಡಳು. ಅವರು ಬೈಯಲಿಲ್ಲ. ಕಳಿಸುವ ಮೊದಲೇ ನೀನೇ ಹಿಡಿದೆಯಲ್ಲ, ಶಹಭಾಸ್ ಎಂದರು. ಚನ್ನಬಸಪ್ಪ ಏನು ಹೇಳಿದ್ದನೆಂದು ಕೇಳಿದರೆ, ತಪ್ಪಿನ ಸುದ್ದಿಯನ್ನೇ ಎತ್ತಿಲ್ಲ, ಶಿವದೇವಿಯೇ ಬಂದು ಇನ್ನೊಮ್ಮೆ ನೋಡಲಿ ಎಂದಿದ್ದ ಅಷ್ಟೇ ಎಂದರು.

ಅವಳಿಗೆ ಭೂಮಿ ಬಾಯ್ದೆರೆಯಬಾರದೇ ಅನ್ನಿಸಿತು.

ಸಂಜೆ ಅವನು ಕೋಠಿಯ ಫುಟ್‌ಪಾತಿನಲ್ಲಿ ಹಳೆಯ ಪುಸ್ತಕ ತಿರುವುತ್ತಿದ್ದ. ಅವಳು ಪಕ್ಕದಲ್ಲಿ ಬಂದು ನಿಂತಳು.

"ಸುಣ್ಣ ಕಂಡತ್ರಿ. ಬಾಯಿಗೆ ಬಂದಂಗ ಅಂದೆ ನಿಮಗ. ತಪ್ಪಾತು... ಮೇಡಮ್ ಮುಂದ ಯಾಕ ಹೇಳಲಿಲ್ರಿ?"

"ಹೇಳಿದ್ರೆ ತಪ್ಪು ಹಿಡಿದವನು ನಾನಾಗ್ತಿದ್ದೆ. ಅದು ನಿಮ್ಮ ಬೂಷ್ಟು. ತಪ್ಪೂ ನೀವೇ ಹಿಡೀಲಿ ಅಂತ ಸುಮ್ಮನಿದ್ದೆ."

ಆಟೋಗಳು ಒಂದರ ಹಿಂದೊಂದು ಹಾರ್ನ್ ಹೊಡೆಯುತ್ತಿದ್ದವು. ಅವಳಿಗೆ ಅವನ ಮಾತೊಂದೇ ಕೇಳುತ್ತಿತ್ತು.

"ಅವ್ವನ ಹೆಸರು ಹಂಗೇ ಉಳೀತು ನೋಡ್ರಿ."

"ಹುಡುಕೋಣ. ಈ ಊರಲ್ಲಿ ಕೊಳೆತ ಕಟ್ಟಿಗೆಗೇನು ಬರವೇ?"

"ಎಷ್ಟು ವರ್ಷ ಹುಡುಕಿದರೂ ಸಿಗದಿದ್ದರ?"

ಅವನು ಪುಸ್ತಕ ಕೆಳಗಿಟ್ಟ. ಕಿವಿ ಕೆಂಪಾಗಿತ್ತು. "ಆಗ... ಮಗಳಿಗಿಡೋಣ."

ಶಿವದೇವಿ ತಲೆ ತಗ್ಗಿಸಿದಳು. ಆಮೇಲೆ ಮೆಲ್ಲಗೆ ಅಂದಳು. "ಬಸಲಿಂಗಮ್ಮ ಅಂತ ಇಟ್ಟರ ಆ ಕೂಸು ದೊಡ್ಡಾಕಿ ಆದಮ್ಯಾಲೆ ನಮ್ಮನ್ನ ಸುಮ್ನ ಬಿಡೂದಿಲ್ರಿ."

"ನನಗೆ ಚನ್ನಬಸಪ್ಪ ಅಂತ ಇಟ್ಟಿದ್ದಾರೆ. ನಾನು ಸುಮ್ಮನಿಲ್ವಾ?"

ಅಳುವೂ ನಗುವೂ ಒಟ್ಟಿಗೇ ಬಂತು ಅವಳಿಗೆ.

"ನಡೀರಿ, ಅವ್ವಗ ಹೇಳೂಣು."

"ಏನಂತ?"

"ಆಕಿ ಹೆಸರಿಗೆ ಜಾಗ ಸಿಕ್ಕೈತಿ ಅಂತ."